ಗೆಳೆಯರು ಐದು ಸಾವಿರ, ಜಾಮೀನು ಯಾರದು?

ಮಂಡಿಪೇಟೆಯ ಯಾವ ಅಂಗಡಿಗಾದರೂ ಹೋಗಿ, ಗುರುತಿಲ್ಲದವರು ಅರ್ಧ ಕೆಜಿ ಬೆಲ್ಲ ಉದ್ದರಿ ಕೇಳಿ ನೋಡಿ. ಕೊಡ್ತಾರಾ? 'ಯಾವೂರ್ರೀ? ಯಾರ ಪೈಕಿ? ಇಲ್ಲಿ ಯಾರ ಪರಿಚಯ ಐತಿ?' ಎಂದು ಸಾಲಾಗಿ ಪ್ರಶ್ನೆ ಬರುತ್ತವೆ. ಬರಬೇಕಾದ್ದೇ. ಮನುಷ್ಯನನ್ನು ಅಳೆಯದೆ ವ್ಯಾಪಾರ ನಡೆಯುವುದಿಲ್ಲ.

ಅದೇ ಸಾಹುಕಾರರು ಮಧ್ಯಾಹ್ನ ಗಿರಾಕಿ ಕಮ್ಮಿಯಾದಾಗ ಮೊಬೈಲ್ ತೆಗೆಯುತ್ತಾರೆ. ಫೇಸ್‌ಬುಕ್ಕಿನಲ್ಲಿ ಯಾರದೋ ಫ್ರೆಂಡ್ ರಿಕ್ವೆಸ್ಟ್. ಊರು ಗೊತ್ತಿಲ್ಲ, ಮುಖ ಕಂಡಿಲ್ಲ, ಫೋಟೊ ಮಾತ್ರ ಚೆನ್ನಾಗಿದೆ. ಬೆರಳು ಒತ್ತಿದರು, ಗೆಳೆತನ ಆಗಿಯೇ ಹೋಯಿತು! ಬಸ್ಸಿನ ಕಥೆಯೂ ಅಷ್ಟೇ. ಪಕ್ಕದ ಸೀಟಿನವರ ಹೆಸರು ಕೇಳದವರು, ಬಸ್ಸು ಹರಿಹರ ಮುಟ್ಟುವುದರೊಳಗೆ ನಾಲ್ಕು ಮಂದಿ ಹೊಸ ಗೆಳೆಯರನ್ನು ಸಂಪಾದಿಸಿರುತ್ತಾರೆ.

ಫೇಸ್‌ಬುಕ್ಕಿನಲ್ಲಿ ಒಬ್ಬರಿಗೆ 5,000 ಗೆಳೆಯರವರೆಗೆ ಅವಕಾಶ. ಆದರೆ ಮನುಷ್ಯ ನಿಜವಾಗಿ ಒಡನಾಟ ಇಟ್ಟುಕೊಳ್ಳಬಲ್ಲದ್ದು ಸುಮಾರು 150 ಜನರ ಜತೆ ಎಂದು ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಎಂಬ ಪಂಡಿತರು 1990ರ ದಶಕದಲ್ಲೇ ಲೆಕ್ಕ ಹಾಕಿದರು. ಆ ಲೆಕ್ಕಕ್ಕೆ ತಕರಾರು ತೆಗೆದವರೂ ಇದ್ದಾರೆ. ಇರಲಿ ಬಿಡಿ. ಮದುವೆಗೆ ಸಾವಿರ ಲಗ್ನಪತ್ರಿಕೆ ಹಂಚುತ್ತೇವೆ. ಹಿಂದಿನ ರಾತ್ರಿ ಬಂದು ತೆಂಗಿನಕಾಯಿ ಸುಲಿಯೋರು ಎಷ್ಟು ಮಂದಿ?

ಹಾಗಂತ ಅರೆಪರಿಚಯ ದಂಡವೇನಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಇದನ್ನೇ ಹೇಳುತ್ತದೆ. ಕೆಲಸ ಬದಲಿಸಿದವರನ್ನು ಅವರು ವಿಚಾರಿಸಿದಾಗ, ಕೆಲಸದ ಸುದ್ದಿ ಪ್ರಾಣಸ್ನೇಹಿತರಿಗಿಂತ ಅಪರೂಪಕ್ಕೆ ಸಿಗುವವರಿಂದಲೇ ಹೆಚ್ಚಾಗಿ ಬಂದಿತ್ತು. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು. ರಕ್ತ ಬೇಕು, ಮಳಿಗೆ ಬಾಡಿಗೆಗಿದೆ, ಹುಡುಗನಿಗೆ ಕೆಲಸ ಬೇಕು ಎಂಬುದೆಲ್ಲ ಇಂಥ ದಾರಿಯಲ್ಲೇ ಓಡಾಡುತ್ತದೆ.

ಹಾಗಾದರೆ ಅಪಾಯ ಎಲ್ಲಿ? ಜಾಮೀನಿನಲ್ಲಿ!

ಗುರುತಿಲ್ಲದ ಒಬ್ಬನನ್ನು ನೀವು ಒಪ್ಪಿಕೊಂಡಿರಿ ಅನ್ನಿ. ಅವನು ಮುಂದೆ ನಿಮ್ಮ ಭಾವನಿಗೆ ರಿಕ್ವೆಸ್ಟ್ ಕಳಿಸಿದಾಗ, ಇಬ್ಬರಿಗೂ ಬೇಕಾದ ಗೆಳೆಯ ಎಂದು ನಿಮ್ಮ ಹೆಸರೇ ಕಾಣಿಸಬಹುದು. 'ನಮ್ಮವರಿಗೇ ಪರಿಚಯ, ಒಳ್ಳೆಯವನೇ ಇರಬೇಕು' ಎಂದು ಭಾವನೂ ಒಪ್ಪುತ್ತಾನೆ. ನೀವು ಬಾಯಿ ಬಿಟ್ಟು ಹೇಳಲಿಲ್ಲ, ಕಾಗದಕ್ಕೆ ಸಹಿ ಹಾಕಲಿಲ್ಲ. ಆದರೂ ಜಾಮೀನು ನಿಮ್ಮದೇ.

ಮುಂದಿನ ಆಟ ನೋಡಿ. ನಿಮ್ಮ ಫೋಟೊ, ಗೆಳೆಯರ ಪಟ್ಟಿ ಎರಡೂ ಎಲ್ಲರಿಗೂ ಕಾಣುವಂತಿದ್ದರೆ ಕಳ್ಳನಿಗೆ ಅಷ್ಟೇ ಸಾಕು. ನಿಮ್ಮದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ನಿಮ್ಮವರಿಗೆಲ್ಲ ರಿಕ್ವೆಸ್ಟ್ ಕಳಿಸುತ್ತಾನೆ. ಆಮೇಲೆ ಮೆಸೇಜು: 'ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟಾಗಿ ಹತ್ತು ಸಾವಿರ ಕಳಿಸು, ನಾಳೆ ಕೊಡ್ತೀನಿ.' ಇಲ್ಲವೇ, 'ಮಿಲಿಟರಿಯಲ್ಲಿರೋ ಗೆಳೆಯನಿಗೆ ವರ್ಗವಾಗಿದೆ, ಮನೆಯ ಸಾಮಾನು ಅಗ್ಗಕ್ಕೆ ಕೊಡ್ತಾನಂತೆ.' ನಂಬಿದವರ ದುಡ್ಡು ಹೋಯಿತು. ನಿಮ್ಮದು ಹೆಸರು ಹೋಯಿತು. ಅಂಗಡಿಯವರಿಗೆ ಹೆಸರೇ ಅಲ್ಲವೇ ಬಂಡವಾಳ?

ಕಾನೂನು ಇಲ್ಲದಿಲ್ಲ. ಕಂಪ್ಯೂಟರು, ಮೊಬೈಲಿನಲ್ಲಿ ಬೇರೆಯವರ ವೇಷ ಹಾಕಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ. ಆದರೆ ಕಳ್ಳ ಯಾವ ರಾಜ್ಯದಲ್ಲಿ ಕೂತಿದ್ದಾನೋ! ದುಡ್ಡು ಖಾತೆಯಿಂದ ಖಾತೆಗೆ ಹಾರಿಹೋಗುವ ಮುಂಚೆ ಹಿಡಿಯಬೇಕು. ಆದ್ದರಿಂದ ಮೋಸ ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಿ, ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ನಾಳೆ ನೋಡೋಣ ಅಂದರೆ ಕೆಟ್ಟಿರಿ.

ಅದಕ್ಕೂ ಮುಂಚೆ ಮಾಡಬೇಕಾದ್ದು ಇಷ್ಟು. ಗೆಳೆಯರ ಪಟ್ಟಿ ನಿಮಗೊಬ್ಬರಿಗೇ ಕಾಣುವಂತೆ ಸೆಟ್ಟಿಂಗಿನಲ್ಲಿ ಬದಲಿಸಿ. ಪ್ರೊಫೈಲಿಗೆ ಬೀಗ ಹಾಕುವ ಸೌಲಭ್ಯ ನಮ್ಮ ದೇಶಕ್ಕೆ 2020ರಲ್ಲೇ ಬಂದಿದೆ, ಹಾಕಿಕೊಳ್ಳಿ. ವಾಟ್ಸಾಪಿನಲ್ಲಿ ಕಂಡ ಕಂಡವರು ಗ್ರೂಪಿಗೆ ಎಳೆಯದಂತೆ ತಡೆಯುವ ಸೆಟ್ಟಿಂಗೂ ಇದೆ. ವ್ಯಾಪಾರಕ್ಕೆ ಜನ ಬೇಕು ಅನ್ನುವವರು ಅಂಗಡಿ ಹೆಸರಲ್ಲೇ ಬೇರೆ ಪೇಜು ಮಾಡಲಿ. ಊರೆಲ್ಲ ಅಲ್ಲಿಗೆ ಬರಲಿ, ಮಗಳ ಮದುವೆ ಫೋಟೊ ಅಲ್ಲಿಗೆ ಹೋಗುವುದು ಬೇಡ.

ಈಗಾಗಲೇ ಪಟ್ಟಿಯಲ್ಲಿರುವ ಗುರುತಿಲ್ಲದವರನ್ನು ತೆಗೆಯಲು ಕೆಲವರಿಗೆ ದಾಕ್ಷಿಣ್ಯ. 'ಬೇಜಾರು ಮಾಡಿಕೊಂಡರೆ?' ಅನ್ನುತ್ತಾರೆ. ತೆಗೆದಿದ್ದೀರಿ ಎಂದು ಫೇಸ್‌ಬುಕ್ ಅವರಿಗೆ ತಿಳಿಸುವುದಿಲ್ಲ. ಅಷ್ಟಕ್ಕೂ ಮುಖವೇ ಗೊತ್ತಿಲ್ಲದವನ ಮುಲಾಜು ಎಂಥದ್ದು?

ಇನ್ನು, ಗೆಳೆಯನೇ ದುಡ್ಡು ಕೇಳಿ ಮೆಸೇಜು ಹಾಕಿದನೋ, ಅದಕ್ಕೆ ಉತ್ತರ ಬರೆಯಬೇಡಿ. ನಿಮ್ಮಲ್ಲಿರುವ ಹಳೇ ನಂಬರಿಗೆ ಫೋನ್ ಹಚ್ಚಿ, ಮಾತಾಡಿ. ನಿಜವಾಗಿ ಕಷ್ಟದಲ್ಲಿರುವವನಿಗೆ ನಿಮ್ಮ ದನಿಯೇ ಅರ್ಧ ಧೈರ್ಯ. ಕಳ್ಳನಾದರೆ ಹತ್ತು ಸಾವಿರ ಉಳಿಯಿತು!