ಗಲ್ಲೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಪದೇ ಪದೇ ಹ್ಯಾಂಗ್ ಆಗುತ್ತಿದೆಯೇ?



ಇಂದು ನಮ್ಮ ಹೋಟೆಲುಗಳಲ್ಲಿ ಬ್ರೌಸರ್ ಎಂಬುದು ಬಿಡುವಿನಲ್ಲಿ ಇಂಟರ್ನೆಟ್ ನೋಡುವ ಸಾಧನವಾಗಿ ಉಳಿದಿಲ್ಲ. ಪಾರ್ಸೆಲ್ ಆರ್ಡರ್ ಬರುವುದು ಅದರಲ್ಲಿ, ಹಲವರ ಬಿಲ್ಲಿಂಗ್ ನಡೆಯುವುದೂ ಅದರಲ್ಲಿ. ಜಿ.ಎಸ್.ಟಿ. ರಿಟರ್ನ್, ಆಹಾರ ಲೈಸೆನ್ಸಿನ ಕೆಲಸ, ಬ್ಯಾಂಕಿನ ವ್ಯವಹಾರ ಎಲ್ಲಕ್ಕೂ ಅದೇ ಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಅದು ನಿಂತರೆ ಗಲ್ಲೆಯ ಮುಂದೆ ಗಿರಾಕಿಗಳ ಸಾಲು ಬೆಳೆಯುತ್ತದೆ. 20ನೇ ತಾರೀಖಿನ ರಾತ್ರಿ ನಿಂತರೆ, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ತೆರಿಗೆ ಬಾಕಿಯಿದ್ದಲ್ಲಿ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ ತೆರಬೇಕಾಗುತ್ತದೆ.

ನಮ್ಮ ಹೋಟೆಲಿನಲ್ಲೇ ನಡೆದದ್ದನ್ನು ಹೇಳುತ್ತೇನೆ. ಬ್ರೌಸರ್ ದಿನಕ್ಕೆ ನಾಲ್ಕೈದು ಸಲ ಹ್ಯಾಂಗ್ ಆಗತೊಡಗಿತು. ಗಲ್ಲೆಯಲ್ಲಿದ್ದ ಹುಡುಗ ಯಾರದೋ ಮಾತು ಕೇಳಿ, ಬ್ರೌಸರಿನಲ್ಲಿ ಉಳಿದಿದ್ದುದನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟ. ಹ್ಯಾಂಗ್ ಆಗುವುದು ನಿಲ್ಲಲಿಲ್ಲ, ಆದರೆ ಅಂದಿನ ಬೆಳಗಿನ ಬಿಲ್ಲುಗಳು ಹೋದವು. ನೆಟ್ ಇಲ್ಲದಾಗ ನಮ್ಮ ಬಿಲ್ಲಿಂಗ್ ವ್ಯವಸ್ಥೆ ಬಿಲ್ಲುಗಳನ್ನು ಬ್ರೌಸರಿನೊಳಗೇ ಇಟ್ಟುಕೊಂಡು, ನೆಟ್ ಬಂದ ಮೇಲೆ ಕಳಿಸುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ಕೊನೆಗೆ ಅಡುಗೆಮನೆಯ ಕೆ.ಒ.ಟಿ. ಚೀಟಿಗಳನ್ನು ಹೆಕ್ಕಿ ಲೆಕ್ಕ ಕೂಡಿಸಿದೆವು.

ಒಲೆಯ ಉರಿ ಕಡಿಮೆಯಾದರೆ ನಾವು ಒಲೆಯನ್ನೇ ಗುಜರಿಗೆ ಹಾಕುವುದಿಲ್ಲ. ಸಿಲಿಂಡರ್ ನೋಡುತ್ತೇವೆ, ರೆಗ್ಯುಲೇಟರ್, ಪೈಪು, ಕೊನೆಗೆ ಬರ್ನರ್ ನೋಡುತ್ತೇವೆ. ಬ್ರೌಸರಿಗೂ ಅದೇ ಕ್ರಮ. ದೋಷ ಎಲ್ಲಿದೆಯೆಂದು ಮೊದಲು ಪತ್ತೆ ಮಾಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಏನನ್ನಾದರೂ ಅಳಿಸುವುದು ಕೊನೆಯ ಕೆಲಸ.

1. ನಿಂತದ್ದು ಯಾವುದು?

ಮೊದಲು ಬೇರೊಂದು ತಂತ್ರಾಂಶ, ಉದಾಹರಣೆಗೆ ಎಕ್ಸೆಲ್, ತೆರೆದು ನೋಡಿ. ಅದೂ ನಿಧಾನವಾಗಿದ್ದರೆ ದೋಷ ಕಂಪ್ಯೂಟರಿನಲ್ಲಿರುವ ಸಾಧ್ಯತೆ ಹೆಚ್ಚು. ನೇರವಾಗಿ ಐದನೆಯ ಅಂಶಕ್ಕೆ ಹೋಗಿ. ಅದು ಸರಿಯಾಗಿದ್ದು ಒಂದೇ ವೆಬ್‌ಸೈಟ್ ನಿಂತರೆ ಅದೇ ಪುಟವನ್ನು ಇನ್ನೊಂದು ಬ್ರೌಸರಿನಲ್ಲಿ ತೆರೆಯಿರಿ. ಅಲ್ಲಿಯೂ ನಿಂತರೆ ತೊಂದರೆ ಆ ವೆಬ್‌ಸೈಟಿನದು ಅಥವಾ ನೆಟ್ ಸಂಪರ್ಕದ್ದು. ಕಡೆಯ ದಿನದ ಸಂಜೆ ಸರಕಾರಿ ಪೋರ್ಟಲುಗಳು ನಿಧಾನವಾದಾಗ ನಮ್ಮ ಯಂತ್ರವನ್ನು ಬೈದು ಫಲವಿಲ್ಲ. ಒಂದೆರಡು ದಿನ ಮೊದಲೇ ಸಲ್ಲಿಸುವುದೊಂದೇ ದಾರಿ.

2. ಟ್ಯಾಬುಗಳ ಹೊರೆ

ಈಗಿನ ಬ್ರೌಸರುಗಳಲ್ಲಿ ಬಹುಮಟ್ಟಿಗೆ ಒಂದೊಂದು ಟ್ಯಾಬಿಗೂ ಬೇರೆ ಬೇರೆ ಒಲೆ ಇದ್ದ ಹಾಗೆ. 2008ರಲ್ಲಿ ಬಂದ ಕ್ರೋಮ್ ಈ ಪದ್ಧತಿಯನ್ನು ಬಳಕೆಗೆ ತಂದಿತು. ಇದರಿಂದ ಒಂದು ಟ್ಯಾಬ್ ಕೆಟ್ಟರೂ ಉಳಿದವು ನಡೆಯುತ್ತವೆ. ಆದರೆ ಒಲೆ ಹೆಚ್ಚಾದಂತೆ ಗ್ಯಾಸ್ ಖರ್ಚೂ ಹೆಚ್ಚು. ಇಲ್ಲಿ ಗ್ಯಾಸ್ ಎಂದರೆ ಕಂಪ್ಯೂಟರಿನ ರ‍್ಯಾಮ್. 4 ಜಿ.ಬಿ. ರ‍್ಯಾಮಿನ ಹಳೆಯ ಯಂತ್ರದಲ್ಲಿ ಆರ್ಡರ್, ಬಿಲ್ಲಿಂಗ್, ಬ್ಯಾಂಕ್ ಇವುಗಳ ಜೊತೆಗೆ ಕ್ರಿಕೆಟ್ ಸ್ಕೋರು, ಹಾಡು ಎಲ್ಲ ತೆರೆದಿದ್ದರೆ ಅದು ಏದುಸಿರು ಬಿಡುತ್ತದೆ.

ಕ್ರೋಮ್ ಅಥವಾ ಎಡ್ಜ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ಹೆಚ್ಚು ತಿನ್ನುವುದು ಬೇಡದ ಪುಟವಾಗಿದ್ದರೆ ಅದನ್ನು ಆರಿಸಿ ಮುಚ್ಚಿಬಿಡಿ. ಇಷ್ಟರಿಂದಲೇ ಸರಿಹೋದರೆ ದೋಷ ಸಿಕ್ಕಿತು.

3. ಎಕ್ಸ್‌ಟೆನ್ಷನ್ ಎಂಬ ಬಾಡಿಗೆದಾರರು

ಬ್ರೌಸರಿಗೆ ಅಂಟಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಇವನ್ನು ಪರೀಕ್ಷಿಸುವ ಸುಲಭ ಉಪಾಯವೆಂದರೆ ಇನ್‌ಕಾಗ್ನಿಟೊ ಕಿಟಕಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ನಾವಾಗಿ ಅನುಮತಿ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದಿಲ್ಲ, ಹಳೆಯ ಉಳಿಕೆಗಳೂ ಬರುವುದಿಲ್ಲ. ಅಲ್ಲಿ ಎಲ್ಲವೂ ಸಲೀಸಾಗಿ ನಡೆದರೆ ದೋಷ ಎಕ್ಸ್‌ಟೆನ್ಷನ್‌ನಲ್ಲಿದೆ, ಇಲ್ಲವೇ ಉಳಿಕೆಯಲ್ಲಿದೆ. ಒಂದು ಎಚ್ಚರಿಕೆ: ಆ ಕಿಟಕಿಯನ್ನು ಮುಚ್ಚಿದೊಡನೆ ಅದರಲ್ಲಿ ಉಳಿದದ್ದು ಅಳಿದುಹೋಗುವುದರಿಂದ ಅದರಲ್ಲಿ ಬಿಲ್ ಮಾಡಬೇಡಿ. ಅದು ಪರೀಕ್ಷೆಗಷ್ಟೆ.

ಆಮೇಲೆ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ಆರಿಸಿ, ಒಂದೊಂದಾಗಿ ಮತ್ತೆ ಚಾಲೂ ಮಾಡುತ್ತ ಬನ್ನಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ರಿಯಾಯಿತಿ ಕೂಪನ್ ಹುಡುಕಿಕೊಡುವ ಒಂದು ಎಕ್ಸ್‌ಟೆನ್ಷನ್. ಅದನ್ನು ತೆಗೆದ ಮೇಲೆ ಹ್ಯಾಂಗ್ ನಿಂತೇಹೋಯಿತು. ಬೆಳಗಿನ ಬಿಲ್ಲುಗಳನ್ನು ನಾವು ಸುಮ್ಮನೆ ಕಳೆದುಕೊಂಡಿದ್ದೆವು!

4. ಉಳಿಕೆ ಮತ್ತು ಹಳೆಯ ಆವೃತ್ತಿ

ಎಕ್ಸ್‌ಟೆನ್ಷನ್ ಕಾರಣವಲ್ಲವೆಂದು ಗೊತ್ತಾದರೆ ಮಾತ್ರ ಅಳಿಸುವ ಕೆಲಸಕ್ಕೆ ಕೈಹಾಕಿ. ಅದಕ್ಕೆ ಮೊದಲು, ಕಳಿಸದೆ ಉಳಿದ ಬಿಲ್ ಇದೆಯೇ ಎಂದು ಬಿಲ್ಲಿಂಗ್ ಪುಟದಲ್ಲಿ ನೋಡಿ, ಅನುಮಾನವಿದ್ದರೆ ತಂತ್ರಾಂಶ ಕೊಟ್ಟವರನ್ನು ಕೇಳಿ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಎಂಬುದಕ್ಕೆ ಮಾತ್ರ ಗುರುತು ಹಾಕಿ. ‘ಕುಕೀಸ್ ಅಂಡ್ ಅದರ್ ಸೈಟ್ ಡೇಟಾ’ ಅಳಿಸಿದರೆ ಕಳಿಸದ ಬಿಲ್ಲುಗಳು ಹೋಗಬಹುದು. ಪಾಸ್‌ವರ್ಡುಗಳ ಸಾಲಿಗೂ ಗುರುತು ಬೇಡ.

ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳುವುದೂ ಅಗತ್ಯ. ವಿಂಡೋಸ್ 7 ಮತ್ತು 8.1ರ ಯಂತ್ರಗಳಿಗೆ 2023ರ ಫೆಬ್ರವರಿಯಿಂದ ಕ್ರೋಮ್‌ನ ಹೊಸ ಆವೃತ್ತಿ ಬರುತ್ತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಹಳೆಯ ಯಂತ್ರದಲ್ಲಿ ಹೊಸ ವೆಬ್‌ಸೈಟುಗಳು ತಡವರಿಸಿದರೆ ಆಶ್ಚರ್ಯವಿಲ್ಲ.

ಪರದೆ ಮಿನುಗಿ ಅಥವಾ ಕಪ್ಪಾಗಿ ಬ್ರೌಸರ್ ಮುಚ್ಚಿಕೊಳ್ಳುತ್ತಿದ್ದರೆ, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬಲ್ಲಿರುವ ಗ್ರಾಫಿಕ್ಸ್ ಆಕ್ಸಿಲರೇಷನ್ ಆರಿಸಿ ನೋಡಿ. ಎಷ್ಟೋ ಸಲ ದೋಷ ಗ್ರಾಫಿಕ್ಸ್ ಡ್ರೈವರಿನಲ್ಲಿರುತ್ತದೆ.

5. ಯಂತ್ರದ ಆರೋಗ್ಯ

ನಮ್ಮ ಗಲ್ಲೆಯಿರುವುದು ಅಡುಗೆಮನೆಯ ಸಮೀಪ. ಎಣ್ಣೆಯ ಹಬೆ ಮತ್ತು ಧೂಳು ಸೇರಿ ಫ್ಯಾನಿನ ಮೇಲೆ ಜಿಡ್ಡು ಕಟ್ಟುತ್ತದೆ. ಗಾಳಿ ಆಡದಿದ್ದರೆ ಯಂತ್ರ ಬಿಸಿಯಾಗುತ್ತದೆ, ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ, ಬಲ್ಲವರಿಂದ ಒಳಗೆ ಶುಚಿ ಮಾಡಿಸಿ. ಡಿಸ್ಕಿನಲ್ಲಿ ಜಾಗ ತುಂಬಿದೆಯೇ ಎಂದೂ ನೋಡಿ. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿ, ರ‍್ಯಾಮನ್ನು 8 ಜಿ.ಬಿ.ಗೆ ಏರಿಸಿದರೆ ಹೊಸ ಯಂತ್ರ ಕೊಳ್ಳುವ ಖರ್ಚು ಎಷ್ಟೋ ಸಲ ತಪ್ಪುತ್ತದೆ.

ಹ್ಯಾಂಗ್ ಅಲ್ಲ, ಮೋಸ

ಕೆಲವೊಮ್ಮೆ ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಕಂಪ್ಯೂಟರಿಗೆ ವೈರಸ್ ಬಡಿದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಕೂಗುತ್ತದೆ. ಮೌಸ್ ಕೂಡ ಕೆಲಸ ಮಾಡದಂತೆ ಕಾಣುತ್ತದೆ. ಇದು ಹೆದರಿಸಿ ಹಣ ಕೀಳುವ ಉಪಾಯ. ಫೋನ್ ಮಾಡಬೇಡಿ, ಅವರು ಹೇಳಿದ ಯಾವ ಆ್ಯಪನ್ನೂ ಹಾಕಬೇಡಿ, ಓ.ಟಿ.ಪಿ. ಕೊಡಬೇಡಿ. ಎಸ್ಕೇಪ್ ಕೀಯನ್ನು ಕೆಲ ಕ್ಷಣ ಒತ್ತಿಹಿಡಿಯಿರಿ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಬೇಕೇ ಎಂದು ಅದು ಕೇಳಿದರೆ ಬೇಡವೆನ್ನಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ತಿಳಿಸಿ.

ಕೊನೆಯದಾಗಿ ಮೂರು ಮಾತು. ಗಲ್ಲೆಯ ಕಂಪ್ಯೂಟರನ್ನು ಗಲ್ಲೆಯ ಕೆಲಸಕ್ಕೇ ಮೀಸಲಿಡಿ. ಇನ್ನೊಂದು ಬ್ರೌಸರನ್ನು ಮೊದಲೇ ಹಾಕಿ ಸಿದ್ಧವಾಗಿಡಿ. ಹ್ಯಾಂಗ್ ಆದಾಗಲೆಲ್ಲ ಹೊತ್ತು, ತೆರೆದಿದ್ದ ಪುಟ, ಮಾಡಿದ ಉಪಾಯ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಮ್ಯಾನೇಜರಿಗೆ ಹೇಳಿ. ನಾಳೆ ರಿಪೇರಿಯವನನ್ನು ಕರೆಸಬೇಕಾಗಿ ಬಂದರೂ ಆ ಪುಸ್ತಕ ತೋರಿಸಿ; ಫಾರ್ಮ್ಯಾಟ್ ಮಾಡೋಣವೇ ಎಂದು ಅವನು ಬಾಯಿ ತೆರೆಯುವ ಮೊದಲು ನೀವೇ ಬಿಲ್ಲುಗಳು ಎಲ್ಲಿವೆ ಎಂದು ಕೇಳಿ.