ಪರದೆಯ ಆಟ, ಕೈಕಾಲಿನ ಪಾಠ



ಹಬ್ಬದ ದಿನ ಮಕ್ಕಳೆಲ್ಲ ಅಂಗಳದಲ್ಲಿ ಚೆಂಡಾಡುವಾಗ ಒಂದು ಮಗು ಮಾತ್ರ ಗೋಡೆಯ ಬಳಿ ನಿಂತಿರುತ್ತದೆ. ಎಸೆದ ಚೆಂಡು ಅದರ ಕೈಗೆ ಸಿಗದು. ಅಂಗಿಯ ಗುಂಡಿ ಹಾಕಲು ಬರದು. ‘ಹಟಮಾರಿ’, ‘ಸೋಮಾರಿ’ ಎಂದು ನಾವು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಆಟಿಸಂ ಇರುವ ಅನೇಕ ಮಕ್ಕಳಿಗೆ ಮಾತು, ಒಡನಾಟದ ತೊಡಕಿನ ಜೊತೆಗೆ ಚಲನೆಯ ತೊಡಕೂ ಇರುತ್ತದೆ. ಕಣ್ಣು ಕಂಡದ್ದಕ್ಕೆ ಕೈಯನ್ನು ಹೊಂದಿಸುವುದೇ ಅವರಿಗೆ ಕಷ್ಟ. ಇದು ತಂದೆತಾಯಿಯ ತಪ್ಪಲ್ಲ, ಯಾರ ಶಾಪವೂ ಅಲ್ಲ.

ಇಲ್ಲಿ ಕಂಪ್ಯೂಟರ್ ಆಟ ಏನು ಮಾಡಬಲ್ಲದು? 2010ರಲ್ಲಿ ಮೈಕ್ರೋಸಾಫ್ಟ್ ‘ಕಿನೆಕ್ಟ್’ ಎಂಬ ಕ್ಯಾಮೆರಾ ಸಾಧನವನ್ನು ಮಾರುಕಟ್ಟೆಗೆ ತಂದಿತು. ಮಗು ಕೈ ಎತ್ತಿದರೆ ಪರದೆಯ ಬಲೂನು ಒಡೆಯುತ್ತದೆ. ಪಕ್ಕಕ್ಕೆ ಜಿಗಿದರೆ ಬೊಂಬೆಯೂ ಜಿಗಿಯುತ್ತದೆ. ಆಟಕ್ಕೆಂದು ಮಾಡಿದ ಆ ಸಾಧನದ ತಯಾರಿಕೆ 2017ರಲ್ಲಿ ನಿಂತಿತು. ಇಂದು ಸಾಧಾರಣ ಕ್ಯಾಮೆರಾದಿಂದಲೂ ಅಂಥ ಆಟ ಸಾಧ್ಯ. ಕಂಪ್ಯೂಟರ್ ಗದರುವುದಿಲ್ಲ, ಬೇಸರಪಡುವುದಿಲ್ಲ. ನೂರು ಸಲ ಮಾಡಿದರೂ ಅದೇ ಉತ್ತರ ಕೊಡುತ್ತದೆ. ಬದಲಾವಣೆಗೆ ಅಂಜುವ ಮಗುವಿಗೆ ಇದು ಧೈರ್ಯ. ಹೀಗೆ ಅದು ತಾನಾಗಿಯೇ ಅಭ್ಯಾಸ ಮಾಡುತ್ತದೆ.

ಆದರೆ ಗಾಜಿನ ಮೇಲೆ ಬೆರಳು ಜಾರಿಸುವುದು ಬೇರೆ, ಗುಂಡಿ ಹಾಕುವುದು ಬೇರೆ. ಪರದೆಯ ಚೆಂಡಿಗೆ ತೂಕವಿಲ್ಲ. ಆದುದರಿಂದ ಪರದೆಯಲ್ಲಿ ಬಲೂನು ಒಡೆದ ಮಗುವಿಗೆ ಕೂಡಲೇ ನಿಜವಾದ ಬಲೂನು ಕೊಡಿ. ಚಪಾತಿ ಹಿಟ್ಟು ನಾದಿಸಿ, ಮಣಿ ಪೋಣಿಸಲು ಬಿಡಿ. ಕುಳಿತಲ್ಲೇ ಪರದೆ ನೋಡುವ ಸಮಯ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಒಂದು ವರ್ಷದ ಕೂಸಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಗು ಸುಮ್ಮನಿರಲೆಂದು ಮೊಬೈಲ್ ಕೊಟ್ಟು ನಾವು ಎದ್ದುಹೋದರೆ ಅದು ಚಿಕಿತ್ಸೆಯಲ್ಲ. ಪಕ್ಕದಲ್ಲಿ ಕುಳಿತು ಜೊತೆಗೆ ಆಡಬೇಕು. ಯಾವ ಆಟ, ಎಷ್ಟು ಹೊತ್ತು ಎಂಬುದನ್ನು ಆಕ್ಯುಪೇಶನಲ್ ಥೆರಪಿಸ್ಟರನ್ನು ಕೇಳಿ ತಿಳಿಯಬೇಕು.

ನೆರವಿಗಾಗಿ ದೂರ ಹೋಗಬೇಕಿಲ್ಲ. ವಾಕ್‌ಚಿಕಿತ್ಸಾ ತಜ್ಞೆ ಡಾ. ಪ್ರತಿಭಾ ಕಾರಂತ್ 2000ರಲ್ಲಿ ಆರಂಭಿಸಿದ ‘ಕಾಮ್ ಡೀಲ್’ ಕಾರ್ಯಕ್ರಮ ನಮ್ಮ ಬೆಂಗಳೂರಿನಲ್ಲೇ ಬೆಳೆದದ್ದು. ಆರು ವರ್ಷದೊಳಗಿನ ಮಕ್ಕಳಿಗೆ ಮಾತಿನ ಜೊತೆಗೆ ಕೈಕಾಲಿನ ಚಲನೆಯನ್ನೂ ಕಲಿಸುವುದು ಅದರ ಕ್ರಮ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಆಟಿಸಂ ಅನ್ನು ಒಳಗೊಂಡಿದೆ.

‘ಗಂಡುಮಗು, ನಿಧಾನವಾಗಿ ಕಲಿಯುತ್ತೆ ಬಿಡಿ’ ಎಂದು ಅಜ್ಜಿ ಹೇಳಿದರೂ ಕಾಯಬೇಡಿ. ಕಳೆದ ಎಳೆವಯಸ್ಸು ಮತ್ತೆ ಬಾರದು. ಗೋಡೆಯ ಬಳಿ ನಿಂತ ಮಗುವಿನ ತಾಯಿಗೆ ಬುದ್ಧಿವಾದ ಹೇಳುವ ಬದಲು, ನಮ್ಮ ಮಕ್ಕಳನ್ನು ಕರೆದು, ‘ಅವನಿಗೂ ಒಂದು ಚೆಂಡು ಮೆಲ್ಲಗೆ ಎಸೆಯಿರಿ’ ಎನ್ನೋಣ.