ಸ್ವಂತ ಬೇರಿನ ಬಳ್ಳಿಗಳು

19ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿತೋಟಗಳನ್ನು ಸಾಲುಸಾಲಾಗಿ ಒಣಗಿಸಿತು. ಅಂದಿನಿಂದ ಅಲ್ಲಿನ ಬಹುಪಾಲು ರೈತರು ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ತಳಿಯನ್ನು ಕಸಿ ಕಟ್ಟಿಯೇ ದ್ರಾಕ್ಷಿ ಬೆಳೆಯುತ್ತಾರೆ. ಆ ಹೇನಿನ ಕಾಟಕ್ಕೆ ಸಿಗದೆ ಉಳಿದ ಕೆಲವೇ ನೆಲಗಳಲ್ಲಿ ಸೈಪ್ರಸ್ ದ್ವೀಪವೂ ಒಂದು. ಅಲ್ಲಿನ ಟ್ರೂಡೋಸ್ ಬೆಟ್ಟಗಳ ದಕ್ಷಿಣದ ಇಳಿಜಾರಿನಲ್ಲಿ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಹೊಲಗಳಲ್ಲಿ, ಗಿಡ್ಡ ಬಳ್ಳಿಗಳು ಇಂದಿಗೂ ತಮ್ಮದೇ ಬೇರಿನ ಮೇಲೆ ನಿಂತಿವೆ. ಹಳೆಯ ತೋಟಗಳಲ್ಲಿ ಚಪ್ಪರವಿಲ್ಲ, ತಂತಿಯಿಲ್ಲ. ಪ್ರತಿ ಬಳ್ಳಿಯನ್ನೂ ಪೊದೆಯಂತೆ ಸವರಿ ಬೆಳೆಸುತ್ತಾರೆ.

ಹೇನು ಉಳಿಸಿದ್ದನ್ನು ಮಾರುಕಟ್ಟೆ ಬಹುಮಟ್ಟಿಗೆ ಅಳಿಸಿತು. 20ನೇ ಶತಮಾನದಲ್ಲಿ ದ್ವೀಪದ ವೈನ್ ಎಂದರೆ ನಾಲ್ಕು ದೊಡ್ಡ ಕಂಪನಿಗಳ ವೈನ್. ಅವುಗಳ ಕಾರ್ಖಾನೆಗಳಿದ್ದದ್ದು ಬೆಟ್ಟದಲ್ಲಲ್ಲ, ಕೆಳಗೆ ಲಿಮಸೋಲ್, ಪಾಫೋಸ್‌ಗಳ ಕರಾವಳಿಯಲ್ಲಿ. ಸುಗ್ಗಿಯ ಉರಿಬಿಸಿಲಿನಲ್ಲಿ ಲಾರಿಗಳಲ್ಲಿ ಹೇರಿಕೊಂಡು ಇಳಿದ ಹಣ್ಣು ಕಾರ್ಖಾನೆ ಮುಟ್ಟುವಷ್ಟರಲ್ಲಿ ಒಡೆದು ಹುದುಗತೊಡಗುತ್ತಿತ್ತು. ಬ್ರಿಟನ್ನಿಗೆ ಶೆರ್ರಿಯಂಥ ಸಿಹಿ ವೈನ್, ಸೋವಿಯತ್ ಒಕ್ಕೂಟಕ್ಕೆ ಅಗ್ಗದ ವೈನ್ ಹಡಗು ತುಂಬ ಹೋಗುತ್ತಿದ್ದ ಕಾಲ ಅದು. ತೂಕಕ್ಕೆ ಬೆಲೆ, ಗುಣಕ್ಕಲ್ಲ. ಸಹಜವಾಗಿಯೇ ರೈತರು ಹೆಚ್ಚು ಇಳುವರಿಯ ಕಪ್ಪು ದ್ರಾಕ್ಷಿ ಮಾವ್ರೋವನ್ನೂ ಬಿಳಿಯ ಕ್ಸಿನಿಸ್ತೇರಿಯನ್ನೂ ನಂಬಿಕೊಂಡರು. ಮಿಕ್ಕ ತಳಿಗಳು ಹಳೆಯ ತೋಟಗಳ ಮೂಲೆಯಲ್ಲಿ ಒಂದೆರಡು ಬಳ್ಳಿಗಳಾಗಿ ಉಳಿದವು.

ಆ ಮೂಲೆಗಳನ್ನು ಹುಡುಕಿಕೊಂಡು ಹೋದವರಲ್ಲಿ ಆಕಿಸ್ ಝಂಬಾರ್ತಾಸ್ ಪ್ರಮುಖರು. ದೊಡ್ಡ ಕಂಪನಿಯೊಂದರಲ್ಲಿ ವೈನ್ ತಜ್ಞರಾಗಿದ್ದುಕೊಂಡೇ ಹಳ್ಳಿಹಳ್ಳಿಯ ತೋಟಗಳಲ್ಲಿ ನಾಟಿ ಬಳ್ಳಿಗಳನ್ನು ಗುರುತಿಸಿದರು. 2006ರಲ್ಲಿ ಮಗನೊಂದಿಗೆ ಬೆಟ್ಟದ ಹಳ್ಳಿಯೊಂದರಲ್ಲಿ ಸ್ವಂತ ವೈನರಿ ತೆರೆದರು. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಸರ್ಕಾರದ ಉತ್ತೇಜನದಿಂದ ಹಳ್ಳಿಗಳಲ್ಲಿ ಸಣ್ಣ ವೈನರಿಗಳು ಹುಟ್ಟಿಕೊಂಡಿದ್ದವು. ಪಾಫೋಸ್ ಬೆಟ್ಟದ ಪನಾಯಿಯಾ ಹಳ್ಳಿಯ ವೈನರಿ ಮರಥೆಫ್ತಿಕೊ, ಯಾನ್ನೂದಿ, ಪ್ರೋಮರಾ, ಸ್ಪೂರ್ತಿಕೊ ಬಳ್ಳಿಗಳನ್ನು ಮತ್ತೆ ನೆಟ್ಟಿತು. ಹಣ್ಣು ಕಿತ್ತ ಜಾಗದಲ್ಲೇ ಹಿಂಡುವುದು, ತಣ್ಣಗಿಟ್ಟು ಹುದುಗಿಸುವುದು: ಕೇಳಲು ಸಣ್ಣ ಬದಲಾವಣೆ, ಆದರೆ ಸೈಪ್ರಸ್ ವೈನಿನ ರುಚಿ ತಿರುಗಿದ್ದೇ ಇಲ್ಲಿಂದ.

ಮರಥೆಫ್ತಿಕೊವನ್ನು ಸಾಕುವುದು ನಿಜಕ್ಕೂ ತಾಳ್ಮೆಯ ಕೆಲಸ. ಇಂದಿನ ಬಹುತೇಕ ವೈನ್ ದ್ರಾಕ್ಷಿಗಳ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಚ್ಚುತ್ತದೆ. ಮರಥೆಫ್ತಿಕೊದ ಹೂವಿನಲ್ಲಿ ಹೆಣ್ಣಿನ ಭಾಗ ಮಾತ್ರ ಫಲವತ್ತು. ಅದೇ ಸಮಯಕ್ಕೆ ಹೂ ಬಿಡುವ ಬೇರೆ ತಳಿಯನ್ನು ಪಕ್ಕದಲ್ಲೇ ನೆಡಬೇಕು. ಹೂ ಬಿಡುವ ವಾರ ಹವೆ ಕೆಟ್ಟರೆ ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಕಾಳು ನಿಂತು ಉಳಿದವು ಉದುರುತ್ತವೆ. ಇಷ್ಟೆಲ್ಲ ಕಷ್ಟದ ಮೇಲೆ ಸಿಗುವುದು ಗಾಢ ಬಣ್ಣದ, ವಯೊಲೆಟ್ ಹೂವಿನ ಪರಿಮಳದ ಕೆಂಪು ವೈನ್. ತೂಕದ ಲೆಕ್ಕ ಹಾಕುವ ಕಾರ್ಖಾನೆ ಇಂಥ ಬಳ್ಳಿಯನ್ನು ಎಂದೂ ಮುಟ್ಟುತ್ತಿರಲಿಲ್ಲ. ಸಣ್ಣವರು ಮುಟ್ಟಿದ್ದರಿಂದ ಅದು ಬದುಕಿತು ಎಂದೇ ನನ್ನ ನಂಬಿಕೆ.

ಇನ್ನು ಕಮಾಂಡರಿಯಾ. ಲಿಮಸೋಲ್ ಬಳಿಯ ಕೊಲೊಸ್ಸಿ ಕೋಟೆಯಿಂದ ಮಧ್ಯಯುಗದ ಧರ್ಮಯೋಧರು ಆಳುತ್ತಿದ್ದ ಸೀಮೆಯ ಹೆಸರನ್ನು ಹೊತ್ತ ಈ ಸಿಹಿ ವೈನನ್ನು ಗೊತ್ತುಪಡಿಸಿದ 14 ಹಳ್ಳಿಗಳಲ್ಲಿ ಮಾತ್ರ, ಮಾವ್ರೋ ಮತ್ತು ಕ್ಸಿನಿಸ್ತೇರಿ ದ್ರಾಕ್ಷಿಗಳಿಂದ ಮಾತ್ರ ಮಾಡಬಹುದು. ಚೆನ್ನಾಗಿ ಮಾಗಿದ ಗೊಂಚಲುಗಳನ್ನು ಹಳ್ಳಿಯವರು ಬಯಲಿನಲ್ಲಿ ಹರಡಿ ಹಲವು ದಿನ ಬಿಸಿಲಿಗೆ ಒಣಗಿಸುತ್ತಾರೆ, ನಮ್ಮಲ್ಲಿ ಹಪ್ಪಳ ಸಂಡಿಗೆ ಒಣಗಿಸುವಂತೆ. ನೀರಿನಂಶ ಇಳಿದು ಸಕ್ಕರೆ ಗಟ್ಟಿಯಾದ ಹಣ್ಣನ್ನು ಹಿಂಡಿದರೆ ಜಿಗುಟು ರಸ. ಅದು ನಿಧಾನಕ್ಕೆ ಹುದುಗಿ, ಸಕ್ಕರೆ ಪೂರ್ತಿ ಮುಗಿಯುವ ಮುನ್ನವೇ ತಾನಾಗಿ ನಿಲ್ಲುತ್ತದೆ. ಬಳಿಕ ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ. ಹಿಂದೆ ಇದನ್ನು ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ಇಡುತ್ತಿದ್ದರು; ಹೊಸ ವೈನ್ ಸುರಿಯುವಾಗ ತಳದಲ್ಲಿ ಹಳೆಯದನ್ನು ಸ್ವಲ್ಪ ಬಿಟ್ಟಿರುತ್ತಿದ್ದರು.

ಸುಗ್ಗಿಯಲ್ಲಿ ಯಾವುದೂ ಪೋಲಾಗದು. ಹಿಂಡಿದ ಚರಟದಿಂದ ಜಿವಾನಿಯಾ ಎಂಬ ಮದ್ಯ ಬಟ್ಟಿ ಇಳಿಸುತ್ತಾರೆ. ರಸಕ್ಕೆ ಹಿಟ್ಟು ಹಾಕಿ ಕುದಿಸಿ, ದಾರಕ್ಕೆ ಪೋಣಿಸಿದ ಬಾದಾಮಿಯನ್ನು ಅದರಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಸುಜೂಕೋಸ್ ಎಂಬ ಸಿಹಿ.

ಹಾಗೆಂದು ಈ ಹಳ್ಳಿಗಳು ನೆಮ್ಮದಿಯಾಗಿಲ್ಲ. 2004ರಲ್ಲಿ ದೇಶ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬಳ್ಳಿ ಕಿತ್ತುಹಾಕಿದವರಿಗೆ ಪರಿಹಾರಧನ ಸಿಕ್ಕಿತು. ದ್ರಾಕ್ಷಿಯ ನೆಲ ಕುಗ್ಗಿತು. ಯುವಕರು ಪಟ್ಟಣ ಸೇರಿ, ಕಲ್ಲಿನ ಗೋಡೆಗಳು ಕುಸಿಯುತ್ತಿವೆ. 2025ರ ಜುಲೈನಲ್ಲಿ ಲಿಮಸೋಲ್ ಬೆಟ್ಟದ ವೈನ್ ಹಳ್ಳಿಗಳಿಗೆ ನುಗ್ಗಿದ ಕಾಡ್ಗಿಚ್ಚು ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಸುಟ್ಟಿತು, ಇಬ್ಬರನ್ನು ಬಲಿ ಪಡೆಯಿತು.

ಆದರೂ ಬರ ಹೆಚ್ಚುತ್ತಿರುವ ಜಗತ್ತು ಈಗ ಈ ಬಳ್ಳಿಗಳತ್ತ ನೋಡತೊಡಗಿದೆ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಸಿನಿಸ್ತೇರಿ, ಮರಥೆಫ್ತಿಕೊಗಳನ್ನು ಶಿರಾಜ್‌ನಂಥ ಹೆಸರಾಂತ ತಳಿಗಳ ಜೊತೆಗಿಟ್ಟು, ನೀರು ಕಡಿಮೆಯಾದಾಗ ಯಾವುದು ಹೇಗೆ ತಾಳುತ್ತದೆಂದು ಪರೀಕ್ಷಿಸಿದ್ದಾರೆ. ಬಾಯಾರಿಕೆ ತಾಳುವುದರಲ್ಲಿ ಕ್ಸಿನಿಸ್ತೇರಿ ಮುಂದಿತ್ತು.